ಚುಕ್ಕಿ ಇಲ್ಲದ ಇಪ್ಪತ್ತೇಳು

ತಿಂಗಳ ಮೊದಲ ವಾರ ಬಂತೆಂದರೆ ನಮ್ಮ ಡಯಾಲಿಸಿಸ್ ಘಟಕದಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: "ಚುಕ್ಕಿ ಬಂದದಾ ಡಾಕ್ಟ್ರಮ್ಮ?"

ರಕ್ತಪರೀಕ್ಷೆಯ ವರದಿಯಲ್ಲಿ ಯಾವುದಾದರೂ ಅಂಕಿ ಮಾಮೂಲು ಮಿತಿಯನ್ನು ದಾಟಿದರೆ ಲ್ಯಾಬಿನ ಕಂಪ್ಯೂಟರು ಅದರ ಪಕ್ಕದಲ್ಲಿ ತಾನಾಗಿಯೇ ಒಂದು ನಕ್ಷತ್ರದ ಗುರುತು ಒತ್ತುತ್ತದೆ. ಅದಕ್ಕೆ ಚುಕ್ಕಿ ಎಂದು ಹೆಸರಿಟ್ಟವರು ನಮ್ಮ ರೋಗಿಗಳು. ಮೊದಮೊದಲು ನಾವು ನಗುತ್ತಿದ್ದೆವು, ಆಮೇಲೆ ನಾವೂ ಅದನ್ನೇ ಹೇಳತೊಡಗಿದೆವು. ಯೂರಿಯಾ, ಕ್ರಿಯಾಟಿನಿನ್ ಸಾಲುಗಳಲ್ಲಿ ಎಲ್ಲರಿಗೂ ಚುಕ್ಕಿ ಇದ್ದೇ ಇರುತ್ತದೆ. ಕಿಡ್ನಿ ಕೈಕೊಟ್ಟವರಿಗೆ ಅದೇನೂ ಹೊಸದಲ್ಲ. ಪೊಟ್ಯಾಸಿಯಂ ಸಾಲಿಗೆ ಬಂದರೆ ಎಳನೀರಿಗೋ ಬಾಳೆಹಣ್ಣಿಗೋ ಬಾಯಿ ಹಾಕಿದ್ದಾರೆ ಎಂದು ಅರ್ಥ, ಅವತ್ತು ನನ್ನಿಂದ ಬೈಗುಳ. ಎಸ್‌ಜಿಪಿಟಿ ಎಂಬ ಸಾಲಿಗೆ ಮಾತ್ರ ಚುಕ್ಕಿ ಬೀಳುತ್ತಿರಲಿಲ್ಲ. ಬೀಳದಿದ್ದುದರಿಂದ ಅದನ್ನು ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ನಾನು ಹೇಳಹೊರಟಿರುವುದು ಆ ಸಾಲಿನ ವಿಷಯ.

ಎಸ್‌ಜಿಪಿಟಿ ಲಿವರಿನ ಜೀವಕೋಶಗಳೊಳಗೆ ಇರುವ ಒಂದು ಕಿಣ್ವ. ಲಿವರಿಗೆ ಪೆಟ್ಟು ಬಿದ್ದು ಜೀವಕೋಶ ಒಡೆದರೆ ಅದು ರಕ್ತಕ್ಕೆ ಸೋರುತ್ತದೆ, ಅಂಕಿ ಏರುತ್ತದೆ. ಡಯಾಲಿಸಿಸ್ ಎಂದರೆ ವಾರಕ್ಕೆ ಮೂರು ಸಲ ಮೈಯ ರಕ್ತವನ್ನೆಲ್ಲ ಹೊರಗೆ ತೆಗೆದು ತೊಳೆದು ಮತ್ತೆ ಒಳಗೆ ಬಿಡುವ ಕೆಲಸ. ಆದ್ದರಿಂದ ರಕ್ತದಿಂದ ರಕ್ತಕ್ಕೆ ದಾಟುವ ಹೆಪಟೈಟಿಸ್ ಸಿ ವೈರಸ್ಸಿನ ಭಯ ಇಂಥ ಘಟಕಗಳಲ್ಲಿ ಯಾವಾಗಲೂ ಇರುತ್ತದೆ. ಆ ವೈರಸ್ಸಿಗೆ ಮೈ ತಯಾರಿಸುವ ಪ್ರತಿಕಾಯವನ್ನು ಒಂದು ಸಣ್ಣ ಕಾರ್ಡಿನ ಮೇಲೆ ಪತ್ತೆಹಚ್ಚಬಹುದು. ಆರು ತಿಂಗಳಿಗೊಮ್ಮೆ ನಾವು ಎಲ್ಲರಿಗೂ ಆ ಕಾರ್ಡ್ ಪರೀಕ್ಷೆ ಮಾಡುತ್ತಿದ್ದೆವು. ಆದರೆ ವೈರಸ್ಸು ಒಳಗೆ ಬಂದು ಪ್ರತಿಕಾಯ ಕಾಣಿಸಿಕೊಳ್ಳುವ ಹೊತ್ತಿಗೆ ಎರಡು ಮೂರು ತಿಂಗಳು ಕಳೆದಿರುತ್ತವೆ. ಆ ನಡುವಿನ ಕಾಲವನ್ನು ಕಾಯಲು ಪ್ರತಿ ತಿಂಗಳೂ ಎಸ್‌ಜಿಪಿಟಿ. ಅದು ನಲವತ್ತು ದಾಟಿದರೆ ಚುಕ್ಕಿ. ಚುಕ್ಕಿ ಬಿದ್ದರೆ ಮುಂದಿನ ತನಿಖೆ. ಕಾಗದದ ಮೇಲೆ ಈ ಏರ್ಪಾಡಿನಲ್ಲಿ ಏನೂ ತಪ್ಪಿರಲಿಲ್ಲ.

ಮಂಡ್ಯದ ಆ ಘಟಕದಲ್ಲಿ ನಾನು ಡ್ಯೂಟಿ ಡಾಕ್ಟರು. ವಾರಕ್ಕೊಮ್ಮೆ ಮೈಸೂರಿನಿಂದ ಕಿಡ್ನಿ ತಜ್ಞರು ಬಂದು ಹೋಗುತ್ತಿದ್ದರು. ಮಿಕ್ಕ ದಿನ ನಾನು, ಒಬ್ಬ ಟೆಕ್ನಿಷಿಯನ್, ಇಬ್ಬರು ಸಿಸ್ಟರುಗಳು. ಮಧ್ಯಾಹ್ನದ ಪಾಳಿಯಲ್ಲಿ ಕಿಟಕಿ ಪಕ್ಕದ ಕುರ್ಚಿ ಹೊಳಲಿನ ಯಜಮಾನರದು. ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದ ಭತ್ತದ ತಾಕುಗಳಲ್ಲಿ ದುಡಿದು ನಿವೃತ್ತರಾದವರು. ಅವರ ಪಕ್ಕದ್ದು ಕಿರುಗಾವಲಿನಿಂದ ಬರುತ್ತಿದ್ದ ಟೈಲರಮ್ಮನದು. ಹತ್ತಿರದ ಮಳವಳ್ಳಿಯಲ್ಲಿ ಜಾಗ ಖಾಲಿ ಇಲ್ಲದೆ ಇಷ್ಟು ದೂರ ಬರುತ್ತಿದ್ದಳು. ವಯಸ್ಸು ಇನ್ನೂ ನಲವತ್ತು ಮುಟ್ಟಿರಲಿಲ್ಲ. ನಮ್ಮ ಸಿಸ್ಟರುಗಳ ರವಿಕೆಗಳೆಲ್ಲ ಅವಳ ಕೈಯಿಂದಲೇ ಆಗಬೇಕಿತ್ತು. ನಾನೂ ಎರಡು ಕೊಟ್ಟಿದ್ದೆ, ಒಂದರ ತೋಳು ಬಿಗಿ ಬಂದಿತ್ತು. ಹೇಳಿದರೆ "ಅಳತೆ ಕೊಡೋವಾಗ ನೀವು ಸಣ್ಣಕ್ಕಿದ್ರಿ" ಎಂದು ನನ್ನ ಮೇಲೇ ಹಾಕಿದ್ದಳು.

ಆ ವರ್ಷ ಅವಳಿಗೆ ಕಿಡ್ನಿ ಕಸಿ ಆಗುವುದಿತ್ತು. ಕೊಡುವವಳು ಒಡಹುಟ್ಟಿದ ಅಕ್ಕ. ಮದ್ದೂರಿನ ಹತ್ತಿರದ ಶಾಲೆಯೊಂದರಲ್ಲಿ ಬಿಸಿಯೂಟ ಬೇಯಿಸುವವಳು, ದಪ್ಪ ದನಿ, ಮಾತು ಕಡ್ಡಿ ಮುರಿದ ಹಾಗೆ. ರಕ್ತದ ಗುಂಪು ಹೊಂದಿತ್ತು, ಉಳಿದ ಹೊಂದಾಣಿಕೆಗಳೂ ಆಗಿದ್ದವು, ಸರ್ಕಾರದ ಅನುಮತಿ ಸಮಿತಿಯ ಮುಂದೆ ಅಕ್ಕತಂಗಿ ಇಬ್ಬರೂ ಕೂತು ಉತ್ತರ ಕೊಟ್ಟು ಬಂದಿದ್ದರು. ಬೆಂಗಳೂರಿನ ಆಸ್ಪತ್ರೆಯವರು ಆಪರೇಷನ್ನಿನ ದಿನವನ್ನೂ ಗೊತ್ತುಮಾಡಿದ್ದರು. ಕಷ್ಟವಾಗಿದ್ದು ಅದ್ಯಾವುದೂ ಅಲ್ಲ, ಅಕ್ಕನ ಗಂಡನನ್ನು ಒಪ್ಪಿಸುವುದು. ಅದಕ್ಕೇ ಒಂದು ವರ್ಷ ಹಿಡಿದಿತ್ತು.

ಹೊಳಲಿನ ಯಜಮಾನರಿಗೆ ಈ ಕಸಿಯ ಸಂಭ್ರಮ ತಮ್ಮದೇ ಮನೆಯ ಮದುವೆಯಷ್ಟು. "ಕಿಡ್ನಿ ಆಕುಸ್ಕೊಂಡ್ ಮೇಲೆ ನಮ್ಮನ್ನ ಮರ್ತುಬುಡ್ಬ್ಯಾಡ ಕಣವ್ವ. ಮದ್ದೂರ್ ಮಾರ್ಕೆಟ್ಟಲ್ಲಿ ನಿಂತ್ಕಂಡು ನಮ್ ಪರವಾಗಿ ಒಂದ್ ಎಳನೀರು ಕುಡ್ದುಬುಡು."

"ಒಂದ್ಯಾಕೆ ಯಜಮಾನ್ರೆ? ಈ ಪಾಳೀಲಿ ಎಷ್ಟ್ ಜನ ಅವ್ರೆ, ಎಲ್ರ ಎಸ್ರಲ್ಲೂ ಒಂದೊಂದು."

"ಒಟ್ಟೆ ಒಡ್ದೋದಾತು!"

"ಒಡೀಲಿ ಬುಡಿ, ನಮ್ಮಕ್ಕನ್ ಕಿಡ್ನಿ ಅದೆ, ತಡ್ಕತದೆ."

ಎಳನೀರಿನ ಊರಲ್ಲಿ ಹುಟ್ಟಿ ಎಳನೀರು ಮುಟ್ಟಬಾರದವರ ಪಾಡು ಅದು. ನಾನು ಬೈಯಬೇಕಾದವಳು, ಅವತ್ತು ನಗುತ್ತಾ ನಿಂತಿದ್ದೆ.

ಆ ತಿಂಗಳೇ ನಮ್ಮ ಲ್ಯಾಬಿನ ಯಂತ್ರ ಕೆಟ್ಟಿತು. ರಿಪೇರಿಯವರು ಇವತ್ತು ಬರುತ್ತೇವೆ, ನಾಳೆ ಬರುತ್ತೇವೆ ಎನ್ನುತ್ತಾ ಕಾಲ ತಳ್ಳಿದರು. ರಕ್ತದ ಮಾದರಿಗಳನ್ನು ಊರಿನ ಇನ್ನೊಂದು ಲ್ಯಾಬಿಗೆ ಕಳಿಸಿದೆವು. ಅಲ್ಲಿಂದ ಬಂದ ವರದಿಯಲ್ಲಿ ಬರೀ ಅಂಕಿಗಳು. ಮಿತಿ ಇಲ್ಲ, ಚುಕ್ಕಿ ಇಲ್ಲ.

"ಇದೇನ್ ವರದಿ? ಚುಕ್ಕೀನೇ ಇಲ್ವಲ್ಲ, ನಮಗೆ ಎಂಗ್ ಗೊತ್ತಾಯ್ತದೆ?" ಎಂದು ಯಜಮಾನರು ಜಗಳಕ್ಕೇ ನಿಂತರು. ಸರಿ, ಗಲಾಟೆ ಬೇಡ ಎಂದು ನಾನು ಕುರ್ಚಿಯಿಂದ ಕುರ್ಚಿಗೆ ಹೋಗಿ ಒಬ್ಬೊಬ್ಬರದೂ ಗಟ್ಟಿಯಾಗಿ ಓದುತ್ತಾ, ಇದು ಜಾಸ್ತಿ, ಇದು ಪರವಾಗಿಲ್ಲ ಎಂದು ಬಾಯಲ್ಲೇ ಚುಕ್ಕಿ ಇಡುತ್ತಾ ಹೊರಟೆ. ಮೊದಲ ಕುರ್ಚಿಯವರ ಎಸ್‌ಜಿಪಿಟಿ ಹತ್ತು. ಮುಂದಿನವರದು ಏಳು. ಆಮೇಲೆ ಹನ್ನೆರಡು, ಒಂಬತ್ತು, ಮತ್ತೆ ಹತ್ತು. ಯಜಮಾನರದು ಎಂಟು. ಟೈಲರಮ್ಮನದು ಇಪ್ಪತ್ತೇಳು.

"ಇಪ್ಪತ್ತೇಳು, ನಾರ್ಮಲ್" ಎಂದು ಮುಂದಿನ ಸಾಲಿಗೆ ಹೋದೆ. ಹೋದವಳು ನಿಂತೆ. ಕಿವಿಗೆ ಅದು ಒಗ್ಗಲಿಲ್ಲ. ಅಷ್ಟೂ ಜನರನ್ನು ಓದಿಕೊಂಡು ಬಂದಿದ್ದೇನೆ, ಒಬ್ಬರೂ ಹನ್ನೆರಡು ದಾಟಿಲ್ಲ. ಇದೊಂದೇ ಯಾಕೆ ಇಪ್ಪತ್ತೇಳು? ಸಿಸ್ಟರನ್ನು ಕೇಳಿ ಅವಳ ಹಳೆಯ ವರದಿಗಳನ್ನು ತರಿಸಿದೆ. ಬಂದಾಗಿನಿಂದ ಒಂಬತ್ತು, ಹತ್ತು. ಹಿಂದಿನ ತಿಂಗಳು ಹದಿನೆಂಟು. ಈಗ ಇಪ್ಪತ್ತೇಳು. ಮೂರು ಪಟ್ಟು ಏರಿದೆ, ಆದರೂ ನಲವತ್ತರ ಒಳಗೇ ಇದೆ.

ಕಿಡ್ನಿ ಕೆಟ್ಟವರಲ್ಲಿ ಈ ಕಿಣ್ವದ ಅಂಕಿ ಮೊದಲೇ ತಗ್ಗಿರುತ್ತದೆ. ಈ ಕಿಣ್ವದ ಕೆಲಸಕ್ಕೆ ಬೇಕಾದ ಬಿ-6 ಜೀವಸತ್ವ ಅವರ ಮೈಯಲ್ಲಿ ಕಮ್ಮಿ, ಡಯಾಲಿಸಿಸ್ಸಿನಲ್ಲಿ ಅದೂ ತೊಳೆದುಹೋಗುತ್ತದೆ ಎಂಬುದು ಒಂದು ಕಾರಣ. ಲ್ಯಾಬಿನ ನಲವತ್ತು ಎಂಬ ಮಿತಿ ಗಟ್ಟಿಮುಟ್ಟಾದವರಿಗೆ ಹಾಕಿದ್ದು. ನಮ್ಮ ರೋಗಿಗಳಿಗೆ ಅದು ಅಳತೆ ತಪ್ಪಿದ ಅಂಗಿ. ಇದು ಯಾರಿಗೂ ಗೊತ್ತಿಲ್ಲದ ಗುಟ್ಟಲ್ಲ, ಪುಸ್ತಕದಲ್ಲಿದೆ, ಮೈಸೂರಿನ ಡಾಕ್ಟರಿಗೂ ಗೊತ್ತು, ನನಗೂ ಗೊತ್ತು. ಆದರೆ ಕಂಪ್ಯೂಟರು ಚುಕ್ಕಿ ಇಟ್ಟುಕೊಡುವಾಗ ಅದನ್ನು ನೆನೆಯುವ ಪ್ರಮೇಯವೇ ನಮಗೆ ಬಂದಿರಲಿಲ್ಲ.

ಟೆಕ್ನಿಷಿಯನ್ನನ್ನು ಕರೆದು ಕಾರ್ಡ್ ಪರೀಕ್ಷೆ ಮಾಡಿಸಿದೆ. ಒಂದೇ ಗೆರೆ, ನೆಗೆಟಿವ್. ಆತ ಕಾರ್ಡನ್ನು ಬೆಳಕಿಗೆ ಹಿಡಿದು ನನಗೂ ತೋರಿಸಿದ. "ಮೇಡಂ, ಕಾರ್ಡ್ ನೆಗೆಟಿವ್, ಎಸ್‌ಜಿಪಿಟಿ ನಾರ್ಮಲ್. ಯಾವುದೋ ನೋವಿನ ಮಾತ್ರೆ ನುಂಗಿರ್ತಾರೆ. ಆಪರೇಷನ್ ಹತ್ರ ಬಂದಿದೆ, ಯಾಕೆ ಸುಮ್ನೆ?"

ಆತ ಹೇಳಿದ್ದರಲ್ಲಿ ಅರ್ಥವಿತ್ತು. ಟೈಲರಮ್ಮನನ್ನು ಕೇಳಿದೆ: ನೋವಿನ ಮಾತ್ರೆ ಏನಾದರೂ? ನಾಟಿ ಔಷಧಿ? ಊರಲ್ಲಿ ಸೂಜಿ, ಗ್ಲೂಕೋಸ್?

"ಜ್ವರ ಬಂದಿದ್ದಾಗ ಒಂದ್ಸಲ ಊರಲ್ಲೇ ಸೂಜಿ ಆಕುಸ್ಕೊಂಡೆ. ಅದ್ಬುಟ್ರೆ ಏನಿಲ್ಲ. ಯಾಕ್ ಡಾಕ್ಟ್ರಮ್ಮ?"

"ಲಿವರಿನದು ಇನ್ನೊಂದು ಪರೀಕ್ಷೆ ಮಾಡಿಸಬೇಕು ಅನ್ನಿಸುತ್ತಿದೆ."

"ನಂಗೆ ಚುಕ್ಕಿ ಇಲ್ಲ ಅಂದ್ರಲ್ಲ ನೀವೇ."

ಮೈಸೂರಿನ ಡಾಕ್ಟರಿಗೆ ಫೋನ್ ಮಾಡಿದೆ. ಅವರು "ಪ್ರತಿಕಾಯ ಇನ್ನೂ ಬಂದಿಲ್ಲದಿರಬಹುದು. ವೈರಸ್ಸನ್ನೇ ಹುಡುಕುವ ಪರೀಕ್ಷೆ ಕಳಿಸಬಹುದು. ಕಳಿಸದಿದ್ದರೂ ನಿಮ್ಮನ್ನು ಯಾರೂ ಕೇಳುವುದಿಲ್ಲ" ಎಂದರು. ಬೆಂಗಳೂರಿನ ಆಸ್ಪತ್ರೆಗೆ ಫೋನ್ ಮಾಡಿದೆ. ಅವರದು ಇನ್ನೂ ಸ್ಪಷ್ಟ: ನಮ್ಮಲ್ಲೂ ಪ್ರತಿಕಾಯ ಪರೀಕ್ಷೆ ಆಗಿದೆ, ನೆಗೆಟಿವ್ ಇದೆ, ನಮ್ಮ ಕಡೆಯಿಂದ ತಯಾರಿ ಮುಗಿದಿದೆ.

ಅಂದರೆ ನಿರ್ಧಾರ ನನ್ನ ತಲೆಗೇ ಬಂತು. ಸುಮ್ಮನಿದ್ದರೆ ಕಸಿ ಆಗುತ್ತದೆ. ಕಸಿಯಾದ ಮೇಲೆ ಹೊಸ ಕಿಡ್ನಿಯನ್ನು ಮೈ ತಳ್ಳಿಬಿಡದ ಹಾಗೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ಕೊಡುತ್ತಾರೆ. ಒಳಗೆ ಯಾರಿಗೂ ಗೊತ್ತಿಲ್ಲದ ವೈರಸ್ಸೊಂದು ಇದ್ದರೆ ಅದಕ್ಕೆ ಕಡಿವಾಣ ಬಿಚ್ಚಿದಂತಾಗುತ್ತದೆ, ಕಿಡ್ನಿ ಉಳಿಸಲು ಹೋಗಿ ಲಿವರು ಹೋಗಬಹುದು. ಪರೀಕ್ಷೆ ಕಳಿಸಿದರೆ, ವೈರಸ್ಸು ಸಿಕ್ಕಿದರೆ, ಕಸಿ ನಿಲ್ಲುತ್ತದೆ. ಅಕ್ಕನ ಗಂಡ ಮತ್ತೆ ಒಪ್ಪುತ್ತಾನೋ ಇಲ್ಲವೋ ದೇವರೇ ಬಲ್ಲ. ಎರಡು ದಿನ ಇದೇ ತಲೆಯಲ್ಲಿ ಕೊರೆಯಿತು. ಕಳಿಸಿ ಎಂದು ಸಿಸ್ಟರಿಗೆ ಹೇಳಿದೆ.

ಮೊದಲ ಮಾದರಿ ಹಾಳಾಯಿತು. ಡಯಾಲಿಸಿಸ್ ಶುರುವಾಗುವಾಗ ರಕ್ತ ಹೆಪ್ಪುಗಟ್ಟದಿರಲಿ ಎಂದು ಹೆಪಾರಿನ್ ಎಂಬ ಔಷಧಿ ಕೊಡುತ್ತೇವೆ. ಹೆಪಾರಿನ್ ಬೆರೆತ ರಕ್ತದಲ್ಲಿ ವೈರಸ್ಸಿನ ಪರೀಕ್ಷೆ ನಡೆಯುವುದಿಲ್ಲ. ಅದಕ್ಕೇ ಯಂತ್ರಕ್ಕೆ ಜೋಡಿಸುವ ಮುಂಚೆಯೇ ತೆಗೆಯಬೇಕು. ಅವತ್ತು ಕರೆಂಟು ಹೋಗಿ ಜನರೇಟರು ಕೈಕೊಟ್ಟು, ಎಲ್ಲರನ್ನೂ ಬೇಗ ಯಂತ್ರಕ್ಕೆ ಹಾಕುವ ಗಡಿಬಿಡಿಯಲ್ಲಿ ಸಿಸ್ಟರು ಆಮೇಲೆ ನೆನಪಾಗಿ ಕೊಳವೆಯಿಂದ ಎಳೆದಿದ್ದಳು. ಲ್ಯಾಬಿನವರು ಮಾದರಿಯನ್ನು ತಿರಸ್ಕರಿಸಿದರು. ನಾನು ಆ ಹುಡುಗಿಯ ಮೇಲೆ ಕೂಗಾಡಿದೆ. ನನಗೆ ಸಿಟ್ಟು ಬೇಗ ಬರುತ್ತದೆ, ಅಷ್ಟೇ ಬೇಗ ಇಳಿಯುತ್ತದೆ, ಆದರೆ ಕೇಳಿಸಿಕೊಂಡವರಿಗೆ ಇಳಿಯುವುದಿಲ್ಲ.

ಎರಡನೆಯ ಸಲ ನಾನೇ ನಿಂತು ತೆಗೆಸಿದೆ. ಸೂಜಿ ಹಾಕಿದೊಡನೆ, ಹೆಪಾರಿನ್ನಿಗೆ ಮುಂಚೆ, ನೇರಳೆ ಮುಚ್ಚಳದ ಟ್ಯೂಬಿಗೆ. ತಿರುಗಿಸುವ ಯಂತ್ರದಲ್ಲಿ ಹಾಕಿ ಮೇಲಿನ ತಿಳಿಯನ್ನು ಬೇರೆ ಮಾಡಿ, ಐಸ್ ಡಬ್ಬಿಯಲ್ಲಿಟ್ಟು, ಆಸ್ಪತ್ರೆಯ ಗಾಡಿಯಲ್ಲೇ ಬೆಂಗಳೂರಿಗೆ ಕಳಿಸಿದೆ. ಟೈಲರಮ್ಮ ಕುರ್ಚಿಯಲ್ಲಿ ಒರಗಿ ಇದನ್ನೆಲ್ಲ ನೋಡುತ್ತಿದ್ದಳು. "ಏನ್ ಡಾಕ್ಟ್ರಮ್ಮ, ನನ್ ರಕ್ತಕ್ಕೆ ಐಸ್ ಪೆಟ್ಗೆ, ಕಾರು! ನಂಗೆ ಮಾತ್ರ ಬಸ್ಸಲ್ಲಿ ನಿಂತ್ಕಂಡು ಬರೋ ಅಣೆಬರಾ" ಎಂದು ನಕ್ಕಳು.

ಉತ್ತರ ಬಂದಾಗ ಆಪರೇಷನ್ನಿಗೆ ವಾರವೂ ಉಳಿದಿರಲಿಲ್ಲ. ವೈರಸ್ಸು ಇತ್ತು.

ಅಕ್ಕತಂಗಿ ಇಬ್ಬರನ್ನೂ ನನ್ನ ಕೋಣೆಗೆ ಕರೆದು ಹೇಳಿದೆ. ಹೆಪಟೈಟಿಸ್ ಸಿ ಇದೆ, ಹೊಸದು, ಈಗ ಇದಕ್ಕೆ ಒಳ್ಳೆಯ ಮಾತ್ರೆ ಇದೆ, ಜಿಲ್ಲಾ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡುತ್ತಾರೆ, ಹನ್ನೆರಡು ವಾರ ನುಂಗಿದರೆ ಬಹುತೇಕ ಎಲ್ಲರಲ್ಲೂ ವಾಸಿಯಾಗುತ್ತದೆ ಎಂದೆ. ಬೆಂಗಳೂರಿನವರ ಮಾತನ್ನೂ ಹೇಳಿದೆ: ಮಾತ್ರೆ ಮುಗಿದು ಮತ್ತೆ ಹನ್ನೆರಡು ವಾರ ಕಾದು, ವೈರಸ್ಸು ಇಲ್ಲ ಎಂದು ಖಚಿತವಾದ ಮೇಲೆ ಕಸಿ.

ಟೈಲರಮ್ಮ ಸೀರೆಯ ಸೆರಗಿನ ಅಂಚನ್ನು ಹೊಲಿಗೆ ನೋಡುವವಳಂತೆ ಬೆರಳಲ್ಲಿ ಮಡಚುತ್ತಾ ಕೂತಳು. ಅಕ್ಕ ಕೂರಲಿಲ್ಲ.

"ಇದೇನವ್ವ ನಿಮ್ ಪರೀಕ್ಸೆ? ಕಾರ್ಡಲ್ಲಿ ಇಲ್ಲ ಅಂತೀರಿ, ಚುಕ್ಕಿ ಇಲ್ಲ ಅಂತೀರಿ, ಕಾಯ್ಲೆ ಮಾತ್ರ ಅದೆ ಅಂತೀರಿ! ನಾನು ಇಸ್ಕೂಲಲ್ಲಿ ರಜಾ ಬರ್ದು ಕೊಟ್ ಬಂದಿವ್ನಿ. ನಮ್ಮನೇರ್ನ ಒಪ್ಸೋದ್ರಲ್ಲಿ ನನ್ ಜೀವ ಅರ್ಧ ಓಗದೆ. ಈಗ ಓಗಿ ಆರ್ ತಿಂಗ್ಳು ಬುಟ್ಟು ಕೊಡ್ತೀನಿ ಅಂತ ಮತ್ತೆ ಕೇಳ್ಳಾ?"

"ನಾನೇ ಬಂದು ಅವರ ಹತ್ತಿರ ಮಾತಾಡ್ತೀನಿ."

"ನೀವ್ ಬಂದ್ರೆ ಅವ್ರು ಗದ್ದೆ ಕಡೀಕ್ ಓಗ್ಬುಡ್ತಾರೆ." ಆಮೇಲೆ ದನಿ ತಗ್ಗಿಸಿ, "ನೀವ್ ಸುಮ್ಕಿದ್ದಿದ್ರೆ ಏನಾಯ್ತಿತ್ತು ಡಾಕ್ಟ್ರಮ್ಮ?" ಎಂದಳು.

ಏನಾಗುತ್ತಿತ್ತು ಎಂದು ವಿವರಿಸಿದೆ. ಲಿವರು, ಮಾತ್ರೆಗಳು, ಅಪಾಯ. ಕೇಳಿಸಿಕೊಂಡಳು. ಟೈಲರಮ್ಮನೇ ಎದ್ದು, "ನಡಿಯಕ್ಕ, ಬಸ್ಸೋಯ್ತದೆ. ಆರ್ ತಿಂಗ್ಳು ಏನ್ ದೊಡ್ಡದಾ" ಎಂದು ಅವಳನ್ನು ಕರೆದುಕೊಂಡು ಹೋದಳು.

ಮಾರನೆಯ ವಾರ ಪಾಳಿಯ ಎಲ್ಲರ ರಕ್ತವನ್ನೂ ವೈರಸ್ಸಿನ ಪರೀಕ್ಷೆಗೆ ಕಳಿಸಿದೆವು. ಎಸ್‌ಜಿಪಿಟಿ ನಂಬಿ ಯಾರನ್ನೂ ಬಿಡುವ ಧೈರ್ಯ ನನಗೆ ಉಳಿದಿರಲಿಲ್ಲ. ಇನ್ನೊಬ್ಬರಲ್ಲಿ ಸಿಕ್ಕಿತು. ಹೊಳಲಿನ ಯಜಮಾನರು. ಎಸ್‌ಜಿಪಿಟಿ ಎಂಟು, ಹಿಂದಿನ ಕಾರ್ಡೂ ನೆಗೆಟಿವ್. ಅವರ ಮಟ್ಟಿಗೆ ಎಸ್‌ಜಿಪಿಟಿ ಎಂಬ ನಮ್ಮ ಕಾವಲುಗಾರ ಒಂದು ಸಲ ಕೆಮ್ಮಲೂ ಇಲ್ಲ. ಟೈಲರಮ್ಮನ ರಕ್ತದಲ್ಲಾದರೂ ಅದು ಒಂಬತ್ತರಿಂದ ಇಪ್ಪತ್ತೇಳಕ್ಕೆ ಏರಿ ಏನೋ ಹೇಳಲು ನೋಡಿತ್ತು.

ವೈರಸ್ಸು ಎಲ್ಲಿಂದ ಬಂತು ಎಂಬುದಕ್ಕೆ ಖಚಿತ ಉತ್ತರ ಕೊನೆಗೂ ಸಿಗಲಿಲ್ಲ. ಯಜಮಾನರಿಗೆ ಹಿಂದೊಮ್ಮೆ ಬೇರೆ ಕಡೆ ರಕ್ತ ಹಾಕಿದ್ದರು. ಟೈಲರಮ್ಮನ ಜ್ವರದ ಸೂಜಿ ಇತ್ತು. ಮೈಸೂರಿನ ಡಾಕ್ಟರು ಬಂದು ನಿಂತು ನಮ್ಮ ಕೆಲಸವನ್ನು ಮೊದಲಿಂದ ಕೊನೆಯವರೆಗೆ ನೋಡಿದರು. ಯಂತ್ರ ತೊಳೆಯುವುದು ಸರಿ, ಕೈಗವಸು ಸರಿ. ಹೆಪಾರಿನ್ನಿನ ಬಾಟಲಿಯ ಹತ್ತಿರ ನಿಂತರು. ಒಂದು ಬಾಟಲಿಯಲ್ಲಿ ಹಲವರಿಗೆ ಆಗುವಷ್ಟು ಇರುತ್ತದೆ. ಅದು ತಳ್ಳುಗಾಡಿಯ ಮೇಲೆ ಕುರ್ಚಿಯಿಂದ ಕುರ್ಚಿಗೆ ಹೋಗುತ್ತಿತ್ತು, ಅಕ್ಕಪಕ್ಕದ ಇಬ್ಬರಿಗೆ ಒಂದರಿಂದಲೇ ಎಳೆಯುವುದು ಎಲ್ಲರೂ ಮಾಡುತ್ತಿದ್ದ ಕೆಲಸ. ಸಿರಿಂಜು ಪ್ರತಿ ಸಲ ಹೊಸದೇ. ಆದರೆ ಒಂದೇ ಒಂದು ದಿನ, ಕರೆಂಟು ಹೋದ ಯಾವುದೋ ಗಡಿಬಿಡಿಯಲ್ಲಿ, ಬಳಸಿದ ಸಿರಿಂಜೊಂದು ಮತ್ತೆ ಆ ಬಾಟಲಿಗೆ ಹೋಗಿದ್ದರೆ? ಹಾಗಾಯಿತು ಎಂದು ಯಾರೂ ಹೇಳಲಿಲ್ಲ, ಆಗಲಿಲ್ಲ ಎಂದೂ ಹೇಳಲಾಗಲಿಲ್ಲ. ಅವತ್ತಿನಿಂದ ತಳ್ಳುಗಾಡಿ ನಿಂತಿತು. ಬೇರೆ ಕೋಣೆಯ ಮೇಜಿನ ಮೇಲೆ ಒಬ್ಬೊಬ್ಬರ ಹೆಪಾರಿನ್ನನ್ನೂ ಬೇರೆ ಬೇರೆ ತಟ್ಟೆಯಲ್ಲಿ ತಯಾರಿಸಿ ತರುವುದಾಯಿತು.

ಯಜಮಾನರಿಗೆ ವಿಷಯ ಹೇಳಿದ ದಿನ ಅವರು ತಮಾಷೆ ಮಾಡಲಿಲ್ಲ. "ನಂದು ಯಾವತ್ತೂ ಎಂಟೇ ಕಣವ್ವ" ಎಂದರು. ಆಮೇಲೆ ಟೈಲರಮ್ಮನ ಖಾಲಿ ಕುರ್ಚಿಯ ಕಡೆ ನೋಡುತ್ತಾ, "ಆ ಮಗೀಗೆ ನನ್ನಿಂದ ಬಂತಾ?"

"ಗೊತ್ತಿಲ್ಲ ಯಜಮಾನ್ರೆ. ನಿಮಗೇ ಅವರಿಂದ ಬಂದಿರಬಹುದು. ಇಬ್ಬರಿಗೂ ಬೇರೆ ಎಲ್ಲಿಂದಲೋ ಬಂದಿರಬಹುದು."

"ನಾನು ಅಳೇ ಗಿರಾಕಿ. ನನ್ನಿಂದ್ಲೇ ಇರ್ಬೇಕು." ಅವರು ಪಾಳಿ ಬದಲಿಸಿಕೊಡಿ ಎಂದು ಕೇಳಿದರು. ಸಿ ಇರುವವರಿಗೆಂದು ಮೀಸಲಿಟ್ಟ ಯಂತ್ರ ಒಂದೇ, ಇಬ್ಬರಿಗೂ ಒಂದೇ ಹೊತ್ತಿಗೆ ಆಗುತ್ತಿರಲಿಲ್ಲ, ಹೇಗೂ ಬದಲಿಸಲೇಬೇಕಿತ್ತು. ಆದರೆ ಅವರು ಕೇಳಿದ್ದು ಅದಕ್ಕಲ್ಲ. ಬೆಳಗಿನ ಪಾಳಿಗೆ ಹೋದರು. ಮೂಲೆಯ ಆ ಯಂತ್ರದಲ್ಲಿ ಬೆಳಗ್ಗೆ ಯಜಮಾನರು, ಅದನ್ನು ತೊಳೆದು ಮಧ್ಯಾಹ್ನ ಟೈಲರಮ್ಮ. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ತಿಂಗಳುಗಳು ಕಳೆದವು.

ಮಾತ್ರೆಗಳು ಚೆನ್ನಾಗಿ ಕೆಲಸ ಮಾಡಿದವು. ಇಬ್ಬರಿಗೂ ಮೊದಲ ತಿಂಗಳಲ್ಲೇ ವೈರಸ್ಸು ರಕ್ತದಿಂದ ಮಾಯವಾಯಿತು. ಕೋರ್ಸ್ ಮುಗಿಯಿತು, ಕಾಯುವ ವಾರಗಳೂ ಮುಗಿದವು, ಕೊನೆಯ ಪರೀಕ್ಷೆಯಲ್ಲೂ ಇಲ್ಲ. ಅಷ್ಟು ಹೊತ್ತಿಗೆ ಅಕ್ಕ ತನ್ನ ಗಂಡನ ಹತ್ತಿರ ಮತ್ತೊಂದು ಸುತ್ತು ಜಗಳವಾಡಿ ಗೆದ್ದಿದ್ದಳು. "ಈ ಸಲ ಏನೂ ಇಲ್ಲ ಅಂದ್ರೆ ಏನೂ ಇಲ್ಲ ತಾನೆ?" ಎಂದು ಫೋನಿನಲ್ಲಿ ನನ್ನನ್ನೇ ಗದರಿಸಿದಳು. ಏನೂ ಇಲ್ಲ ಎಂದೆ. ತಂಗಿಯ ವಿಷಯ ಮಾತ್ರ ಹೇಳಿದ್ದು ನಾನು.

ಇಷ್ಟು ಕಾಲವಾದ್ದರಿಂದ ಬೆಂಗಳೂರಿನವರು ಅಕ್ಕನ ಪರೀಕ್ಷೆಗಳನ್ನೂ ಹೊಸದಾಗಿ ಮಾಡಿದರು. ಸಕ್ಕರೆ ನೀರು ಕುಡಿಸಿ ಎರಡು ಗಂಟೆ ಬಿಟ್ಟು ನೋಡಿದರೆ ಸಕ್ಕರೆ ಕಾಯಿಲೆ ಬಂದಿತ್ತು. ಹಿಂದಿನ ಸಲ ಅಂಚಿನಲ್ಲಿದ್ದದ್ದು ಈಗ ದಾಟಿತ್ತು. ಸಕ್ಕರೆ ಕಾಯಿಲೆ ಇರುವವರಿಂದ ನಾವು ಕಿಡ್ನಿ ತೆಗೆಯುವುದಿಲ್ಲ ಎಂದುಬಿಟ್ಟರು. ಕೊಡಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ತಾಯಿ ಇಲ್ಲ, ತಮ್ಮನ ರಕ್ತದ ಗುಂಪು ಬೇರೆ, ಟೈಲರಮ್ಮನ ಗಂಡನಿಗೆ ಬಿಪಿ. ಟೈಲರಮ್ಮನ ಹೆಸರು ಮಿದುಳು ಸತ್ತವರ ಕಿಡ್ನಿಗಾಗಿ ಕಾಯುವವರ ಸಾಲಿನ ಕೊನೆಗೆ ಸೇರಿತು.

ಆ ಸುದ್ದಿ ಬಂದ ವಾರ ಮೈಸೂರಿನ ಡಾಕ್ಟರ ಜೊತೆ ಟೀ ಕುಡಿಯುತ್ತಾ ಕೂತಿದ್ದೆ. ಅವರು ನನಗೆ ಸಮಾಧಾನ ಹೇಳುವ ಸಲುವಾಗಿಯೇ ಮಾತು ತೆಗೆದರು. ನೀವು ಮಾಡಿದ್ದು ಸರಿ. ಅಂದೇ ಕಸಿ ಆಗಿದ್ದರೆ ಅಕ್ಕ ಇವತ್ತು ಒಂದೇ ಕಿಡ್ನಿ ಇಟ್ಟುಕೊಂಡು ಸಕ್ಕರೆ ಕಾಯಿಲೆ ಎದುರಿಸಬೇಕಿತ್ತು, ಒಂದು ರೀತಿ ಅವಳು ಉಳಿದಳು ಎಂದರು. ಆಮೇಲೆ, ಬಿಸ್ಕತ್ತನ್ನು ಟೀಯಲ್ಲಿ ಅದ್ದುತ್ತಾ, ಏನೋ ನೆನಪಾದಂತೆ ಹೇಳಿದರು: "ಕೆಲವು ಕಡೆ ಈಗ ಕಸಿ ನಿಲ್ಲಿಸುವುದಿಲ್ಲ. ವೈರಸ್ ಇದ್ದರೂ ಮೊದಲು ಕಿಡ್ನಿ ಹಾಕಿ, ಆಮೇಲೆ ಮಾತ್ರೆ ಕೊಡುತ್ತಾರೆ. ಹೊಸ ಮಾತ್ರೆ ಬಂದ ಮೇಲೆ ಅದು ಸಾಧ್ಯ. ಇಲ್ಲಿ ಬೆಂಗಳೂರಿನವರು ಒಪ್ಪುತ್ತಿದ್ದರೋ ಇಲ್ಲವೋ."

ಒಪ್ಪುತ್ತಿದ್ದರೋ ಇಲ್ಲವೋ ನನಗೂ ಗೊತ್ತಿಲ್ಲ. ಕೇಳಿರಲಿಲ್ಲ. ಕಾಯಬೇಕು ಎಂದು ಅವರೆಂದಾಗ ನಾನು ಆಗಲಿ ಎಂದಿದ್ದೆ. ವೈರಸ್ಸನ್ನು ಪತ್ತೆ ಹಚ್ಚಿದ ಸಮಾಧಾನದಲ್ಲಿ ಇದ್ದೆ, ಅದರಾಚೆ ಇನ್ನೊಂದು ಪ್ರಶ್ನೆ ಇದೆ ಎಂದು ಹೊಳೆಯಲಿಲ್ಲ. ಕೇಳಿದ್ದರೆ ಅವರು ಖಂಡಿತ ಬೇಡ ಎನ್ನುತ್ತಿದ್ದರು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಈಗಲೂ ಯಾರಾದರೂ ನೀವು ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು ಎಂದು ಕೇಳಿದರೆ, ಆ ಅಕ್ಕನಿಗೆ ಕೊಟ್ಟಷ್ಟು ಸಲೀಸಾಗಿ ಉತ್ತರ ಕೊಡಲಾರೆ. ಪರೀಕ್ಷೆ ಕಳಿಸಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ವರದಿ ಬಂದ ಮೇಲೆ ಏನೂ ಕೇಳದೆ ಆಗಲಿ ಎಂದದ್ದಕ್ಕೆ ಇದೆ.

ನಮ್ಮ ಲ್ಯಾಬಿನ ಯಂತ್ರ ಎಂದೋ ರಿಪೇರಿಯಾಗಿ ಬಂತು. ಚುಕ್ಕಿಗಳೂ ವಾಪಸ್ಸು ಬಂದವು. ಆದರೂ ತಿಂಗಳ ಮೊದಲ ವಾರ ನಾನು ಕುರ್ಚಿಯಿಂದ ಕುರ್ಚಿಗೆ ಹೋಗಿ ಅಂಕಿಗಳನ್ನು ಗಟ್ಟಿಯಾಗಿ ಓದುತ್ತೇನೆ. ಪ್ರತಿಯೊಬ್ಬರ ಎಸ್‌ಜಿಪಿಟಿಯನ್ನೂ ಅವರವರ ಹಳೆಯ ತಿಂಗಳುಗಳ ಅಂಕಿಗಳ ಜೊತೆ ಹೋಲಿಸುತ್ತೇವೆ, ನಲವತ್ತರ ಜೊತೆಗಲ್ಲ. ಎರಡು ಪಟ್ಟಾದರೆ ಚುಕ್ಕಿ ಇರಲಿ ಬಿಡಲಿ, ವೈರಸ್ಸಿನ ಪರೀಕ್ಷೆ ಹೋಗುತ್ತದೆ. ಏರದೆ ಎಂಟರಲ್ಲೇ ಕೂತಿರುವವರಿಗೂ ವರ್ಷಕ್ಕೊಮ್ಮೆ ಕಳಿಸುತ್ತೇವೆ, ಅದು ಯಜಮಾನರಿಂದ ಕಲಿತ ಪಾಠ. ಯಜಮಾನರು ವಾಸಿಯಾದ ಮೇಲೂ ಬೆಳಗಿನ ಪಾಳಿಯಲ್ಲೇ ಉಳಿದರು. ಮಧ್ಯಾಹ್ನಕ್ಕೆ ಬನ್ನಿ, ಕಿಟಕಿ ಪಕ್ಕದ ಕುರ್ಚಿ ಖಾಲಿ ಇದೆ ಎಂದು ಕರೆದರೆ, "ಆ ಮಗೀಗೆ ಕಿಡ್ನಿ ಸಿಗ್ಲಿ, ಆಗ ಬತ್ತೀನಿ ಬುಡವ್ವ" ಎನ್ನುತ್ತಾರೆ.

ಹೋದ ತಿಂಗಳು ಟೈಲರಮ್ಮನ ಕುರ್ಚಿಯ ಹತ್ತಿರ ನಿಂತು ಓದುತ್ತಿದ್ದೆ. ಮೂಲೆಯ ಯಂತ್ರದಿಂದ ಅವಳು ತನ್ನ ಹಳೆಯ ಜಾಗಕ್ಕೆ ಬಂದಾಗಿತ್ತು. ಪೊಟ್ಯಾಸಿಯಂ ಪರವಾಗಿಲ್ಲ, ರಕ್ತ ಸ್ವಲ್ಪ ಕಮ್ಮಿ. "ಎಸ್‌ಜಿಪಿಟಿ ಒಂಬತ್ತು."

"ಒಂಬತ್ತಾ? ಮೊದ್ಲಿನಂಗೆ?"

"ಮೊದಲಿನ ಹಾಗೇ."

"ವೈರಸ್ಸೂ ಇಲ್ಲ?"

"ಇಲ್ಲ. ಪೂರ್ತಿ ಹೋಗಿದೆ."

ಅವಳು ತಲೆಯಾಡಿಸಿದಳು. ತೋಳಿನ ಮೇಲಿನ ರವಿಕೆಯ ಅಂಚನ್ನು ತಾನೇ ಮೇಲಕ್ಕೆ ಮಡಚಿಕೊಂಡು ಕೈ ಚಾಚಿದಳು.

"ಅಂಗಾದ್ರೆ ಕಿಡ್ನಿ ಆಕುಸ್ಕೊಳಾಕೆ ಈಗ ನಾನು ತಯಾರಾಗಿವ್ನಿ, ಅಲ್ವಾ ಡಾಕ್ಟ್ರಮ್ಮ?"

ಹೌದು ಎಂದೆ. ಟೆಕ್ನಿಷಿಯನ್ ಸೂಜಿ ಹಾಕಿದ.